ಸಪ್ಪೊರೊದ ಹಿಮದಲ್ಲಿ ಇಬ್ಬರು ಎಲ್ಡರುಗಳು

ಡಿಸೆಂಬರ್ 25ರಂದು ಸಪ್ಪೊರೊದಲ್ಲಿ ರಜೆಯಿಲ್ಲ. ಬ್ಯಾಂಕು ತೆರೆದಿರುತ್ತದೆ, ಅಂಚೆಯವನು ಬರುತ್ತಾನೆ, ಸುರಂಗ ರೈಲಿನಲ್ಲಿ ಕಪ್ಪು ಕೋಟಿನ ನೌಕರರು ಎಂದಿನಂತೆ ನಿಂತಲ್ಲೇ ತೂಕಡಿಸುತ್ತಾರೆ. ಹಾಗೆಂದು ಊರಿಗೆ ಕ್ರಿಸ್‌ಮಸ್ ಗೊತ್ತಿಲ್ಲವೆಂದಲ್ಲ. ಓದೊರಿ ಉದ್ಯಾನದ ಮರಗಳಿಗೆಲ್ಲ ನವೆಂಬರಿನಲ್ಲೇ ದೀಪ ತೊಡಿಸಿರುತ್ತಾರೆ. ಜರ್ಮನಿಯ ಮ್ಯೂನಿಕ್ ಈ ಊರಿನ ಸೋದರಿ ನಗರ. ಅದರ ಹೆಸರಿನಲ್ಲಿ 2002ರಿಂದ ಇಲ್ಲಿ ಕ್ರಿಸ್‌ಮಸ್ ಸಂತೆ ನೆರೆಯುತ್ತದೆ. ಸಾಸೇಜು ಸುಡುವ ಹೊಗೆ, ಬಿಸಿ ವೈನಿನ ಘಮ, ಮರದ ಗೊಂಬೆಗಳು. ಹಿಂದಿನ ಸಂಜೆ ಪ್ರೇಮಿಗಳು ಅಲ್ಲೆಲ್ಲ ಕೈಕೈ ಹಿಡಿದು ಸುತ್ತಾಡಿ, ಸ್ಟ್ರಾಬೆರಿ ಕೂರಿಸಿದ ಬಿಳಿ ಕೇಕು ಕೊಂಡುಹೋಗಿರುತ್ತಾರೆ. 1970ರ ದಶಕದ ಒಂದು ಜಾಹೀರಾತಿನ ಪ್ರತಾಪದಿಂದ, ಕೆಂಟಕಿ ಕೋಳಿಯಂಗಡಿಯ ಮುಂದೆ ಮುಂಗಡ ಹೇಳಿಟ್ಟವರ ಉದ್ದ ಸಾಲು. ಹಬ್ಬದ ಸರಂಜಾಮೆಲ್ಲ ಇದೆ, ಗೋದಲಿಯಲ್ಲಿ ಹುಟ್ಟಿದ ಮಗುವಿನ ಸುದ್ದಿಯೊಂದಿಲ್ಲ. ಜಪಾನಿನಲ್ಲಿ ಕ್ರೈಸ್ತರ ಪ್ರಮಾಣ ನೂರಕ್ಕೆ ಒಬ್ಬರ ಆಸುಪಾಸು.

ಆ ಸುದ್ದಿಯನ್ನು ಹೇಳಲೆಂದೇ ಸಾಗರ ದಾಟಿ ಬಂದ ಹುಡುಗ, ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುವ ಆ ಊರಿನ ಬೀದಿಯಲ್ಲಿ ಎಚ್ಚರದಿಂದ ಹೆಜ್ಜೆಯಿಡುತ್ತಿದ್ದ. ಸಪ್ಪೊರೊದಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಸುಮಾರು ಐದು ಮೀಟರು. ಹಗಲು ಅರೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಹಾದಿ ಕನ್ನಡಿಯಾಗಿರುತ್ತದೆ. ರಸ್ತೆ ದಾಟುವ ಕಡೆಯಲ್ಲೆಲ್ಲ ಪಟ್ಟಣದವರು ಮರಳಿನ ಪೆಟ್ಟಿಗೆ ಇಟ್ಟಿರುತ್ತಾರೆ. ಹೋಗುವವರು ಒಂದು ಚೀಲ ಎತ್ತಿಕೊಂಡು, ತಮ್ಮ ಮುಂದೆ ಒಂದಿಷ್ಟು, ಹಿಂದೆ ಬರುವವರಿಗೆ ಒಂದಿಷ್ಟು ಚೆಲ್ಲಿ ದಾಟಬೇಕು. ಹುಡುಗ ಇದನ್ನು ಚೆನ್ನಾಗಿ ಕಲಿತಿದ್ದ. ಅವನ ಜೊತೆಗಾರ ಇನ್ನೂ ಕಲಿಯುತ್ತಿದ್ದ. ಜೊತೆಗಾರನೇ ಜಪಾನಿನವನು ಎಂಬುದು ಇಲ್ಲಿನ ತಮಾಷೆ. ಅವನು ದಕ್ಷಿಣದ ಕ್ಯೂಶು ದ್ವೀಪದ ಫುಕುಓಕಾದವನು, ಇಷ್ಟು ಹಿಮವನ್ನು ಟಿವಿಯಲ್ಲಿ ಮಾತ್ರ ನೋಡಿದ್ದವನು. ಅಮೆರಿಕದವನು ಐಡಹೊ ರಾಜ್ಯದ ಆಲೂಗಡ್ಡೆ ಸೀಮೆಯಿಂದ ಬಂದವನು, ಹಿಮದಲ್ಲೇ ಬೆಳೆದವನು. ಹಾಗಾಗಿ ಜಪಾನಿನ ಬೀದಿಯಲ್ಲಿ ಜಪಾನಿನ ಹುಡುಗನ ಕೈಹಿಡಿದು ನಡೆಸುವ ಕೆಲಸ ಐಡಹೊದವನ ಪಾಲಿಗೆ ಬಂದಿತ್ತು. ಸಪ್ಪೊರೊ ಇರುವ ಹೊಕ್ಕೈಡೊ ದ್ವೀಪ ಕೂಡ ಜಪಾನಿನ ಆಲೂಗಡ್ಡೆಯ ಕಣಜವೇ. ಊರು ಬಿಟ್ಟು ಅಷ್ಟು ದೂರ ಬಂದರೂ ಹೊಲ ಬದಲಾಗಲಿಲ್ಲ ಎಂದು ಆ ಹುಡುಗ ನಗುತ್ತಿದ್ದ.

ಇಬ್ಬರ ಕೋಟಿನ ಮೇಲೂ ಒಂದೊಂದು ಕಪ್ಪು ಫಲಕ. ಅದರಲ್ಲಿ ಮನೆತನದ ಹೆಸರು, ಅದರ ಮುಂದೆ 'ಎಲ್ಡರ್', ಅಂದರೆ ಹಿರಿಯ. ಕೆಳಗೆ ಅವರ ಸಭೆಯ ಹೆಸರು: ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ. ಲೋಕ ಇವರನ್ನು ಕರೆಯುವುದು ಮಾರ್ಮನ್ ಎಂದು. 2018ರಲ್ಲಿ ಅವರ ಅಧ್ಯಕ್ಷರು ಆ ಅಡ್ಡಹೆಸರು ಬೇಡ ಎಂದು ಅಪ್ಪಣೆ ಮಾಡಿದರು. ಲೋಕ ಕೇಳಿಲ್ಲ, ನಾನೂ ಇಲ್ಲಿ ಕೇಳುತ್ತಿಲ್ಲ, ಯಾಕೆಂದರೆ ಓದುವವರಿಗೆ ಗುರುತು ಹತ್ತುವುದು ಆ ಹೆಸರಿನಿಂದಲೇ.

ಈ ಹುಡುಗರ ಏರ್ಪಾಡನ್ನು ಬೇಗ ಹೇಳಿ ಮುಗಿಸುತ್ತೇನೆ. ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ಯುವಕ 1830ರಲ್ಲಿ ಕಟ್ಟಿದ ಸಭೆ ಇದು. ಬೈಬಲಿನ ಜೊತೆಗೆ ಅವರಿಗೆ 'ಮಾರ್ಮನನ ಗ್ರಂಥ' ಎಂಬ ಇನ್ನೊಂದು ಪವಿತ್ರ ಪುಸ್ತಕವಿದೆ. ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಊರು ಬಿಟ್ಟು ಪ್ರಚಾರಕ್ಕೆ ಹೋಗಬೇಕೆಂಬುದು ಅಲ್ಲಿ ಬೆಳೆದುಬಂದ ರೂಢಿ. 2012ರಲ್ಲಿ ಹುಡುಗರ ವಯಸ್ಸನ್ನು 19ರಿಂದ 18ಕ್ಕೆ ಇಳಿಸಿದರು. ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವುದು ಸಭೆ, ಹುಡುಗ ಕೇಳಿಕೊಳ್ಳುವಂತಿಲ್ಲ. ಸಂಬಳವಿಲ್ಲ. ಅಮೆರಿಕದ ಹುಡುಗನ ಮನೆಯವರೇ ತಿಂಗಳಿಗೆ ಇಷ್ಟೆಂದು ಹಣ ಕಟ್ಟುತ್ತಾರೆ; 2020ರ ಮಧ್ಯದವರೆಗೆ ಅದು 400 ಡಾಲರ್ ಇತ್ತು. ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಕಾದಂಬರಿ ಇಲ್ಲ, ಪ್ರೇಮ ಇಲ್ಲ. ಮದ್ಯ, ತಂಬಾಕು, ಕಾಫಿ, ಟೀ ಯಾವುದನ್ನೂ ಮುಟ್ಟುವಂತಿಲ್ಲ; ಇದು 1833ರಿಂದ ಬಂದ ಕಟ್ಟಳೆ. ಎಲ್ಲಕ್ಕಿಂತ ಕಠಿಣವಾದದ್ದೆಂದು ನನಗೆ ಕಂಡ ನಿಯಮ ಬೇರೆ. ಜೊತೆಗಾರನನ್ನು ಬಿಟ್ಟು ಒಂಟಿಯಾಗಿ ಇರುವಂತಿಲ್ಲ. ತಾನು ಆರಿಸಿಕೊಳ್ಳದ ಒಬ್ಬನ ಜೊತೆ ಉಣ್ಣಬೇಕು, ಓದಬೇಕು, ಒಂದೇ ಕೋಣೆಯಲ್ಲಿ ಮಲಗಬೇಕು, ಅವನ ಗೊರಕೆ ಕೇಳಬೇಕು. ಮದುವೆಯಾದವರಿಗೂ ಇಷ್ಟು ಕಟ್ಟುನಿಟ್ಟು ಇರಲಾರದು.

ನಾನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಹೋಗಿದ್ದ ಕಾಲ ಅದು. ನನ್ನ ಬಾಡಿಗೆ ಕೋಣೆಯ ಕೆಳಗೆ ಮನೆಯೊಡತಿ ಒಬ್ಬರೇ ಇರುತ್ತಿದ್ದರು, ಎಂಬತ್ತು ದಾಟಿದ ವಿಧವೆ. ಈ ಹುಡುಗರ ಪರಿಚಯವಾದದ್ದು ಆ ಅಜ್ಜಿಯಿಂದ. ಹೆಂಗಸರು ಮಾತ್ರ ಇರುವ ಮನೆಯೊಳಗೆ ಎಲ್ಡರುಗಳು ಕಾಲಿಡುವಂತಿಲ್ಲ, ಇನ್ನೊಬ್ಬ ವಯಸ್ಕ ಗಂಡಸು ಇರಲೇಬೇಕು ಎಂಬ ನಿಯಮವನ್ನು ಕೇಳಿ ಅಜ್ಜಿ ಬಿದ್ದುಬಿದ್ದು ನಕ್ಕಿದ್ದರಂತೆ. ಆಮೇಲೆ ಮಹಡಿಯ ಕಡೆ ಮುಖ ಮಾಡಿ ನನ್ನನ್ನು ಕೂಗಿದರು. ಅಂದಿನಿಂದ ನಾನು ಆ ಮನೆಯ ಅಧಿಕೃತ ಗಂಡಸು. ಅವರ ಪಾಠಗಳನ್ನು ನಾನು ಕೇಳಿದ್ದು ಈ ಉದ್ಯೋಗದ ಮೇಲೆ.

ಅಜ್ಜಿ ಅವರನ್ನು ಒಳಗೆ ಬಿಟ್ಟದ್ದು ಧರ್ಮದ ಹಸಿವಿನಿಂದಲ್ಲ, ಹಿಮದ ದೆಸೆಯಿಂದ. ಹೊಕ್ಕೈಡೊದಲ್ಲಿ ಬೆಳಗಾದರೆ ಮನೆಮುಂದಿನ ಹಿಮ ಎತ್ತಿಹಾಕುವುದು ಪ್ರತಿ ಮನೆಯ ಕರ್ಮ. ಅಲ್ಲಿಯವರ ಬಾಯಲ್ಲಿ ಅದು ಯುಕಿಹಾನೆ. ಮಲೆನಾಡಿನ ಆಷಾಢದ ಮಳೆಯ ಹಾಗೆ, ಒಮ್ಮೆ ಹಿಡಿದರೆ ಬಿಟ್ಟೂಬಿಡದೆ ಸುರಿಯುತ್ತದೆ. ಅದನ್ನು ತಳ್ಳಲು ಕೈಗಾಡಿಯಷ್ಟು ಅಗಲದ ಒಂದು ಸಲಿಕೆಯಿದೆ. 'ಮಾಮಾಸಾನ್ ಡಂಪ್' ಎಂದು ಅದರ ಹೆಸರು, ಮನೆಯ ಅಮ್ಮಂದಿರೂ ತಳ್ಳಬಹುದಾದ ಡಂಪರ್ ಎಂಬ ಅರ್ಥದಲ್ಲಿ. ಎಂಬತ್ತು ದಾಟಿದ ಅಮ್ಮ ತಳ್ಳಲಾರರು. ಒಂದು ಬೆಳಗ್ಗೆ ಈ ಇಬ್ಬರು ಆ ದಾರಿಯಲ್ಲಿ ಬಂದವರು ಕೇಳದೆಯೇ ಸಲಿಕೆ ಹಿಡಿದರು. ಟೈ ಕಟ್ಟಿದ ಹುಡುಗರು ಬೆವರು ಸುರಿಸುವುದನ್ನು ಕಿಟಕಿಯಿಂದ ನೋಡಿದ ಮೇಲೆ ಬಾಗಿಲು ತೆರೆಯದಿರಲು ಹೇಗಾಗುತ್ತದೆ?

ಬೀದಿಯ ಉಳಿದ ಬಾಗಿಲುಗಳು ತೆರೆಯುತ್ತಿರಲಿಲ್ಲ. ಅಲ್ಲಿನ ಮನೆಗಳಿಗೆ ಎರಡು ಬಾಗಿಲು. ಹೊರಬಾಗಿಲಿಗೂ ಒಳಬಾಗಿಲಿಗೂ ನಡುವೆ ಗಾಳಿ ತಡೆಯುವ ಒಂದು ಗಾಜಿನ ಗೂಡು. ಬೂಟುಗಳು, ಸಲಿಕೆ, ಹಳೆಯ ಪತ್ರಿಕೆಯ ಕಟ್ಟು ಇರುವ ಆ ಗೂಡಿನಲ್ಲಿ ನಿಂತು ಗಂಟೆ ಒತ್ತಬೇಕು. ಒಳಗಿನಿಂದ ಯಂತ್ರದಲ್ಲಿ ಒಂದು ದನಿ ಬರುತ್ತದೆ: ಈಗ ಸ್ವಲ್ಪ ಕೆಲಸವಿದೆ. ಜಪಾನಿನವರು 'ಬೇಡ' ಎನ್ನುವುದಿಲ್ಲ. ಕೆಲಸವಿದೆ, ಮನೆಯಲ್ಲಿ ದೊಡ್ಡವರಿಲ್ಲ, ಇಷ್ಟು ಚಳಿಯಲ್ಲಿ ಬಂದಿರಲ್ಲ ಪಾಪ ಎನ್ನುತ್ತಾರೆ. ಐಡಹೊದ ಹುಡುಗನಿಗೆ ಮೊದಮೊದಲು ಇದು ತಿಳಿಯದೆ, ಕೆಲಸವಿದೆ ಎಂದವರ ಮನೆಗೆ ಮರುದಿನ ಮತ್ತೆ ಹೋಗುತ್ತಿದ್ದನಂತೆ. ಫುಕುಓಕಾದವನು ಬಂದ ಮೇಲೆ, ದನಿಯ ಏರಿಳಿತದಲ್ಲೇ ಉತ್ತರ ಹಿಡಿಯುವುದನ್ನು ಕಲಿಸಿದ.

ಕ್ರಿಸ್‌ಮಸ್ ಹಗಲು ಹೀಗೇ ಕಳೆಯಿತು. ಸಂಜೆ ಅವರ ಸಭಾಮಂದಿರದಲ್ಲಿ ಹಾಡು, ಕೇಕು, ಮಕ್ಕಳ ನಾಟಕ ಇದ್ದವು. ಆದರೆ ಕೆಲಸ ಮುಗಿಸಿ ಬರುವ ಜನ ಎಂಟು ಗಂಟೆಗೆ ಬಂದು ಒಂಬತ್ತಕ್ಕೆ ಹೊರಟರು. ಹುಡುಗನ ನಿಜವಾದ ಕ್ರಿಸ್‌ಮಸ್ ಬಂದದ್ದು ಮರುದಿನ. ಐಡಹೊದ ಗಡಿಯಾರ ಜಪಾನಿಗಿಂತ 16 ಗಂಟೆ ಹಿಂದೆ. ಇಲ್ಲಿ 26ರ ಬೆಳಗ್ಗೆ ಎಂಟು ಹೊಡೆದಾಗ ಅಲ್ಲಿ 25ರ ಸಂಜೆ ನಾಲ್ಕು. ಮನೆಮಂದಿಯೆಲ್ಲ ಮೇಜಿನ ಸುತ್ತ ಸೇರುವ ಹೊತ್ತು. ಅವನು ಫೋನಿನ ಪರದೆಯಲ್ಲಿ ಅಮ್ಮನ ಮುಖ ನೋಡುತ್ತಿದ್ದಾಗ, ಕಿಟಕಿಯಾಚೆ ಅಂಗಡಿಯವರು ಕ್ರಿಸ್‌ಮಸ್ ಮರ ಕಿತ್ತು ಹೊಸವರ್ಷದ ಪೈನ್ ಮತ್ತು ಬಿದಿರಿನ ಅಲಂಕಾರ ನಿಲ್ಲಿಸುತ್ತಿದ್ದರು. ಜಪಾನಿನಲ್ಲಿ ಈ ಬದಲಾವಣೆ ಒಂದೇ ರಾತ್ರಿಯಲ್ಲಿ ಆಗಿಬಿಡುತ್ತದೆ.

ಆ ಕರೆಯ ಬಗ್ಗೆ ಒಂದು ಮಾತು ಹೇಳಬೇಕು. 2019ರ ಫೆಬ್ರುವರಿಯವರೆಗೆ ಈ ಹುಡುಗರು ಮನೆಗೆ ಫೋನ್ ಮಾಡಬಹುದಾಗಿದ್ದದ್ದು ವರ್ಷಕ್ಕೆ ಎರಡೇ ಬಾರಿ: ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. ಉಳಿದಂತೆ ವಾರಕ್ಕೊಂದು ಪತ್ರ, ಇಲ್ಲವೇ ಇಮೇಲ್. ಆಮೇಲೆ ನಿಯಮ ಸಡಿಲಿಸಿ ವಾರಕ್ಕೊಮ್ಮೆ ಮಾತಾಡಲು ಬಿಟ್ಟರು. ಹಳಬರಲ್ಲಿ ಕೆಲವರು, ಇದರಿಂದ ಹುಡುಗರ ಗಟ್ಟಿತನ ಹೋಯಿತೆಂದು ಗೊಣಗುತ್ತಾರೆ. ಹದಿನೆಂಟರ ಹುಡುಗನಿಗೆ ತಾಯಿಯ ದನಿಯನ್ನು ವರ್ಷಕ್ಕೆರಡು ಬಾರಿ ಮಾತ್ರ ಕೇಳಿಸುವುದರಲ್ಲಿ ಯಾವ ಗಟ್ಟಿತನವೂ ನನಗೆ ಕಾಣಲಿಲ್ಲ. ಸಡಿಲಿಸಿದವರು ಸರಿಯಾದ ಕೆಲಸ ಮಾಡಿದರು, ತಡವಾಗಿ ಮಾಡಿದರು.

26ರ ಸಂಜೆ ವರ್ಷದ ಕೊನೆಯ ಇಂಗ್ಲಿಷ್ ತರಗತಿ. ಮಾರ್ಮನ್ ಮಿಷನರಿಗಳು ಜಪಾನಿನುದ್ದಕ್ಕೂ ಪುಕ್ಕಟೆ ಇಂಗ್ಲಿಷ್ ಸಂಭಾಷಣೆ ಕಲಿಸುತ್ತಾರೆ; ದೇವರ ಮಾತಿಗೆ ತೆರೆಯದ ಬಾಗಿಲು ಇದಕ್ಕೆ ತೆರೆಯುತ್ತದೆ. ನನ್ನನ್ನೂ 'ಭಾರತದ ಇಂಗ್ಲಿಷ್' ಕೇಳಿಸಲೆಂದು ಕರೆದೊಯ್ದಿದ್ದರು. ಸಭಾಮಂದಿರದ ಒಂದು ಬದಿಯ ಕೋಣೆ, ಮಡಿಸುವ ಕುರ್ಚಿಗಳು, ಬಿಳಿ ಹಲಗೆ, ಮೂಲೆಯಲ್ಲಿ ಗುರುಗುಡುವ ಸೀಮೆಎಣ್ಣೆ ಒಲೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನಿವೃತ್ತರು. ಮೊಮ್ಮಗಳು ಕೆನಡಾದಲ್ಲಿ ಹುಟ್ಟಿದ್ದರಿಂದ ಕಲಿಯಲು ಬಂದ ಅಜ್ಜಿ, ಔಷಧದಂಗಡಿಯ ಹೆಂಗಸು, ಹೈಸ್ಕೂಲು ಮುಗಿಸುತ್ತಿದ್ದ ನಾಚಿಕೆಯ ಹುಡುಗ. ಮುಂದಿನ ಸಾಲಿನಲ್ಲಿ ಮಾತ್ರ ಒಬ್ಬರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಹಳೆಯ ರಾಷ್ಟ್ರೀಯ ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮುಂದೆ ಒಂದು ದಪ್ಪ ವ್ಯಾಕರಣ ಪುಸ್ತಕ, ಅದರ ತುಂಬ ಬಣ್ಣದ ಗುರುತು ಚೀಟಿ.

ಪಾಠದ ವಿಷಯ 'ರಜೆಯಲ್ಲಿ ನಾವು ಏನು ಮಾಡುತ್ತೇವೆ'. ಐಡಹೊದವನು ಹಲಗೆಯ ಮೇಲೆ ಎರಡು ವಾಕ್ಯ ಬರೆದ. ಒಂದರಲ್ಲಿ ಕ್ರಿಸ್‌ಮಸ್ಸಿನ ಹಿಂದೆ 'ಆನ್', ಇನ್ನೊಂದರಲ್ಲಿ 'ಅಟ್'. ರೈಲ್ವೆಯವರ ಕೈ ಮೇಲೆ ಹೋಯಿತು. ಯಾವಾಗ ಆನ್, ಯಾವಾಗ ಅಟ್? ಹುಡುಗ ಯೋಚಿಸಿದ. ತಾನು ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತಿಗೆ ಕಾರಣ ಕೇಳುವವರೂ ಇರುತ್ತಾರೆಂದು ಅವನಿಗೆ ಹೊಳೆದೇ ಇರಲಿಲ್ಲ. 'ಕಿವಿಗೆ ಹಾಗೆ ಸರಿ ಕೇಳಿಸುತ್ತದೆ' ಎಂದ. ರೈಲ್ವೆಯವರು ಒಪ್ಪಲಿಲ್ಲ. ಕಿವಿಗೆ ಸರಿ ಕೇಳಿಸುವುದು ವೇಳಾಪಟ್ಟಿ ಆಗಲಾರದು ಎಂಬ ಭಾವದಲ್ಲಿ ಅವರು ಪುಟ ತಿರುವಿದರು. ಕೊನೆಗೆ ಫುಕುಓಕಾದ ಹುಡುಗ ಎದ್ದು, ಶಾಲೆಯಲ್ಲಿ ಉರುಹೊಡೆದ ನಿಯಮವನ್ನು ಒಪ್ಪಿಸಿದ: ಒಂದೇ ದಿನವಾದರೆ ಆನ್, ಹಬ್ಬದ ಇಡೀ ಅವಧಿಯಾದರೆ ಅಟ್. ರೈಲ್ವೆಯವರು ತಲೆದೂಗಿ ಬರೆದುಕೊಂಡರು. ಐಡಹೊದವನೂ ಬರೆದುಕೊಂಡ. ಆ ಕೋಣೆಯಲ್ಲಿ ಅಂದು ನಿಜವಾಗಿ ಇಂಗ್ಲಿಷ್ ಕಲಿತವನು ಅವನೊಬ್ಬನೇ ಎಂದು ನನಗನಿಸಿತು.

ತರಗತಿ ಮುಗಿದ ಮೇಲೆ, ಇಷ್ಟವಿದ್ದವರಿಗೆ ಹತ್ತು ನಿಮಿಷ ಸುವಾರ್ತೆ. ಬಹುತೇಕರು ಬಾಗಿ ವಂದಿಸಿ ಕೋಟು ತೊಟ್ಟರು. ರೈಲ್ವೆಯವರು ಕೂತರು. ನಂಬಿಕೆ ಬಂದಿತ್ತೆಂದಲ್ಲ, ಎರಡು ಗಂಟೆ ಪುಕ್ಕಟೆ ಪಾಠ ಕೇಳಿ ಹತ್ತು ನಿಮಿಷ ಕೊಡದೆ ಎದ್ದುಹೋಗುವುದು ಅವರ ಪ್ರಕಾರ ಟಿಕೆಟಿಲ್ಲದ ಪ್ರಯಾಣ.

ಸಪ್ಪೊರೊದಲ್ಲಿ ಅಮೆರಿಕದವನೊಬ್ಬ ಪಾಠದ ನೆಪದಲ್ಲಿ ಬೈಬಲ್ ತೆರೆದದ್ದು ಇದು ಮೊದಲೇನಲ್ಲ. 1876ರಲ್ಲಿ ಮ್ಯಾಸಚೂಸೆಟ್ಸಿನಿಂದ ಕೃಷಿ ಕಾಲೇಜು ಕಟ್ಟಲು ಬಂದ ವಿಲಿಯಂ ಕ್ಲಾರ್ಕ್ ಇಲ್ಲಿದ್ದದ್ದು ಸುಮಾರು ಎಂಟೇ ತಿಂಗಳು. ಮದ್ಯ, ತಂಬಾಕು, ಅಫೀಮು ಮುಟ್ಟುವುದಿಲ್ಲವೆಂದು ವಿದ್ಯಾರ್ಥಿಗಳಿಂದ ಸಹಿ ಹಾಕಿಸಿದ. ಕ್ರಿಸ್ತನನ್ನು ನಂಬುವ ಕರಾರಿಗೂ ಸಹಿ ಹಾಕಿಸಿದ. ಅವನ ಮುಖವನ್ನೇ ಕಾಣದ ಎರಡನೆಯ ತಂಡದ ವಿದ್ಯಾರ್ಥಿ ಉಚಿಮುರಾ ಕಾನ್ಜೊ, ಹಿರಿಯ ವಿದ್ಯಾರ್ಥಿಗಳ ಒತ್ತಾಯಕ್ಕೆ ಸಹಿ ಹಾಕಿದವನು, ಮುಂದೆ ಚರ್ಚುಗಳೇ ಬೇಡವೆನ್ನುವ ಕ್ರೈಸ್ತ ಪಂಥವೊಂದನ್ನು ಹುಟ್ಟುಹಾಕಿದ. ಬಿತ್ತಿದವನು ಒಂದು ಎಣಿಸಿದರೆ ಈ ನೆಲ ಇನ್ನೊಂದನ್ನು ಬೆಳೆಯುತ್ತದೆ. ಕ್ಲಾರ್ಕನ ವಿಗ್ರಹದ ಮುಂದೆ ಈಗ ಪ್ರವಾಸಿಗಳು ಅವನಂತೆಯೇ ಕೈಚಾಚಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಮಾರ್ಮನರ ಸ್ವಂತ ಕತೆಯೂ ಇಂಥದ್ದೇ. 1901ರ ಆಗಸ್ಟಿನಲ್ಲಿ ಹೀಬರ್ ಗ್ರಾಂಟ್ ಎಂಬ ಹಿರಿಯರು ಮೂವರ ಜೊತೆ ಯೊಕೊಹಾಮಾದಲ್ಲಿ ಇಳಿದರು. ಮೂವರಲ್ಲಿ ಕಿರಿಯವನು ಆಲ್ಮಾ ಟೇಲರ್, 19 ತುಂಬಿ ಕೆಲವೇ ದಿನಗಳಾಗಿದ್ದವನು. ಗ್ರಾಂಟ್ ಎರಡು ವರ್ಷ ಹೆಣಗಾಡಿ, ಬೆರಳೆಣಿಕೆಯ ಜನರನ್ನೂ ಒಲಿಸಲಾರದೆ 1903ರಲ್ಲಿ ಹಿಂದಿರುಗಿದರು. ಟೇಲರ್ ಎಂಟು ವರ್ಷಕ್ಕೂ ಹೆಚ್ಚು ಕಾಲ ಉಳಿದು, ಮಾರ್ಮನನ ಗ್ರಂಥವನ್ನು 1909ರಲ್ಲಿ ಜಪಾನಿ ಭಾಷೆಗೆ ತಂದ. ಗ್ರಾಂಟ್ ಮುಂದೆ ಇಡೀ ಸಭೆಯ ಅಧ್ಯಕ್ಷರಾದರು, ತಾವೇ ತೆರೆದ ಜಪಾನ್ ಮಿಷನ್ನನ್ನು 1924ರಲ್ಲಿ ತಾವೇ ಮುಚ್ಚಿದರು. ಅದು ಮತ್ತೆ ತೆರೆದದ್ದು ಮಹಾಯುದ್ಧದ ನಂತರ, 1948ರಲ್ಲಿ.

ಈ ನಡುವೆ ನಡೆದ ಒಂದು ಪ್ರಸಂಗ ಜಪಾನಿನ ಮಾರ್ಮನರ ಮನೆಮಾತು. 1945ರ ಕೊನೆಯಲ್ಲಿ, ನಗೋಯಾ ಬಳಿಯ ನರುಮಿ ಎಂಬ ಊರಿನಲ್ಲಿ ಕೆಲವು ಅಮೆರಿಕನ್ ಸೈನಿಕರು ತತ್ಸುಇ ಸಾತೊ ಎಂಬವರನ್ನು ಕಂಡರು. ಸೋತ ದೇಶದ ಆ ಗೃಹಸ್ಥರು ಗೆದ್ದವರಿಗೆ ಟೀ ಕೊಟ್ಟರು. ಸೈನಿಕರು ವಿನಯದಿಂದ ಬೇಡವೆಂದರು. ಯಾಕೆ ಎಂದು ಸಾತೊ ಕೇಳಿದರು. ಆ ಪ್ರಶ್ನೆಯಿಂದ ಮಾತು ಬೆಳೆದು, 1946ರಲ್ಲಿ ಸಾತೊ ದಂಪತಿ ದೀಕ್ಷಾಸ್ನಾನ ಪಡೆದರು. 1957ರಲ್ಲಿ ಪ್ರಕಟವಾದ ಆ ಗ್ರಂಥದ ಎರಡನೆಯ ಜಪಾನಿ ಅನುವಾದ ಸಾತೊ ಅವರದೇ. ಎರಡು ವರ್ಷದ ಉಪದೇಶದಿಂದ ಗ್ರಾಂಟರಿಗೆ ಆಗದ್ದು, ಕುಡಿಯದೆ ಬಿಟ್ಟ ಒಂದು ಬಟ್ಟಲು ಟೀಯಿಂದ ಆಯಿತು.

ನಮ್ಮ ಅಜ್ಜಿಗೂ ಟೀ ವಿಷಯ ಗೊತ್ತಿತ್ತು. ಬಾರ್ಲಿ ಹುರಿದು ಕುದಿಸಿದ ಮುಗಿಚಾ ಎಂಬ ಪಾನೀಯ ಜಪಾನಿನಲ್ಲಿ ಬೇಸಿಗೆಯದು, ತಣ್ಣಗೆ ಕುಡಿಯುವಂಥದು. ಅದರಲ್ಲಿ ಟೀ ಎಲೆ ಇರುವುದಿಲ್ಲವಾದ್ದರಿಂದ ಎಲ್ಡರುಗಳಿಗೆ ಅಡ್ಡಿಯಿಲ್ಲ. ಅಜ್ಜಿ ಅದನ್ನೇ ಬಿಸಿಬಿಸಿ ಕುದಿಸಿ ಕೊಡುತ್ತಿದ್ದರು, ಜೊತೆಗೆ ಬುಟ್ಟಿಯ ತುಂಬ ಮಿಕಾನ್ ಕಿತ್ತಳೆ. 28ಕ್ಕೆ ಹುಡುಗರು ಅಜ್ಜಿಯ ಮನೆಯ ವರ್ಷಾಂತ್ಯದ ಗುಡಿಸಿ ಒರೆಸುವ ಕೆಲಸಕ್ಕೆ ಬಂದರು. ಎತ್ತರದ ಕಪಾಟು ಐಡಹೊದವನ ಪಾಲು, ಕಿಟಕಿಯ ಗಾಜು ಇನ್ನೊಬ್ಬನ ಪಾಲು. ಬುದ್ಧನ ಮನೆಗೂಡನ್ನು ಮಾತ್ರ ಅಜ್ಜಿ ಯಾರಿಗೂ ಮುಟ್ಟಗೊಡದೆ ತಾವೇ ಒರೆಸಿದರು. ಅಕ್ಕಿ ಮುದ್ದೆಯ ಮೊಚಿಯನ್ನು ಅಂದೇ ತಂದಿಟ್ಟರು, 29ರಂದು ತಂದರೆ ಅಶುಭ. ಕೆಲಸ ಮುಗಿದ ಮೇಲೆ ಒಲೆಯ ಸುತ್ತ ಕೂತು ಪಾಠ.

ಅಂದಿನ ಪಾಠ ಸತ್ತವರ ಕುರಿತು. ಮಾರ್ಮನರಲ್ಲಿ 1840ರಿಂದ ನಡೆದುಬಂದ ಒಂದು ಆಚಾರವಿದೆ. ದೀಕ್ಷೆ ಪಡೆಯದೆ ಸತ್ತವರ ಪರವಾಗಿ ಅವರ ವಂಶದವರು ದೇವಾಲಯದಲ್ಲಿ ನೀರಿಗಿಳಿದು ದೀಕ್ಷಾಸ್ನಾನ ಮಾಡುತ್ತಾರೆ. ಜಗತ್ತಿನ ವಂಶಾವಳಿಗಳನ್ನೆಲ್ಲ ಆ ಸಭೆ ಹುಡುಕಿ ಹುಡುಕಿ ದಾಖಲಿಸುವುದು ಇದಕ್ಕಾಗಿಯೇ. ಪಿತೃಪಕ್ಷ, ತರ್ಪಣ ನೋಡಿ ಬೆಳೆದ ನನಗೆ ಆ ಕ್ರೈಸ್ತ ಹುಡುಗನ ಬಾಯಲ್ಲಿ ಇದನ್ನು ಕೇಳಿ ಮೈ ನೆಟ್ಟಗಾಯಿತು. ಐಡಹೊದವನು ಗೂಡಿನಲ್ಲಿದ್ದ ಫೋಟೊ ತೋರಿಸಿ, ಎಚ್ಚರಿಕೆಯ ಜಪಾನಿಯಲ್ಲಿ, 'ನಿಮ್ಮ ಗಂಡನಿಗೂ ಈ ಅವಕಾಶವಿದೆ' ಎಂದ. 2016ರಲ್ಲಿ ಸಪ್ಪೊರೊದಲ್ಲೇ ಅವರ ದೇವಾಲಯ ತೆರೆದಿದೆ, ದೂರ ಹೋಗಬೇಕಿಲ್ಲ ಎಂದೂ ಸೇರಿಸಿದ.

ಅಜ್ಜಿ ಕಿತ್ತಳೆ ಸುಲಿಯುತ್ತಿದ್ದರು. ಅವರದು ಜೋದೊ ಶಿನ್ಶು ಬೌದ್ಧ ಮನೆತನ. ಅಮಿತಾಭ ಬುದ್ಧನ ಕರುಣೆಯಿಂದ ಸತ್ತವರು ಶುದ್ಧಭೂಮಿಯಲ್ಲಿ ಹುಟ್ಟುತ್ತಾರೆಂಬ ನಂಬಿಕೆ. 'ಅವರು ಹೋಗಿ ಮುಟ್ಟಿಯಾಗಿದೆ. ಅಲ್ಲಿಂದ ಎಬ್ಬಿಸಿ ನೀರಿಗೆ ಇಳಿಸುತ್ತೀರಾ, ಈ ಚಳಿಯಲ್ಲಿ?' ಎಂದರು.

ಹುಡುಗ ನಗಲಿಲ್ಲ, ಪಾಠ ಬಿಡಲಿಲ್ಲ. ಒಪ್ಪುವುದು ಬಿಡುವುದು ಸತ್ತವರ ಇಷ್ಟ, ಬಲವಂತವಿಲ್ಲ ಎಂದ. ಅದು ಅವರ ಸಿದ್ಧಾಂತವೇ.

'ಹಾಗಾದರೆ ಆಗದ ಮಾತು' ಎಂದರು ಅಜ್ಜಿ. 'ಬದುಕಿದ್ದಾಗ ಆ ಮನುಷ್ಯ ನಾನು ಹೇಳಿದ ಒಂದಕ್ಕೂ ಹ್ಞೂಂ ಅಂದವನಲ್ಲ.'

ಫುಕುಓಕಾದವನು ಮೊದಲು ನಕ್ಕ. ಆಮೇಲೆ ಐಡಹೊದವನೂ ನಕ್ಕ. ಅಜ್ಜಿ ಎದ್ದು ಗಂಡನ ಜಾತಕದಂತಿದ್ದ ಒಂದು ಹಳೆಯ ಕಾಗದ ತಂದು, ಮೀಜಿ ಕಾಲದಲ್ಲಿ ಮುಖ್ಯ ದ್ವೀಪದಿಂದ ಹೊಕ್ಕೈಡೊಗೆ ಗುಳೆ ಬಂದ ಅವರ ಮನೆತನದ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿದರು. ಹುಡುಗರು ಗಂಟೆಗಟ್ಟಲೆ ಕೇಳಿದರು, ಕಾಡು ಕಡಿದದ್ದು, ಕರಡಿ ಬಂದದ್ದು, ಮೊದಲ ಚಳಿಗಾಲದಲ್ಲಿ ಮಗು ಸತ್ತದ್ದು. ನಾನು ಕಂಡ ಅವರ ಪಾಠಗಳಲ್ಲೆಲ್ಲ ಒಳ್ಳೆಯ ಪಾಠ ಅದು. ಕಲಿಸಲು ಬಂದವರು ಪುಸ್ತಕ ಮುಚ್ಚಿ ಕೂತಿದ್ದರು.

30ರಿಂದ ಊರು ಮೆಲ್ಲಗೆ ಕದ ಹಾಕಿಕೊಂಡಿತು. ಜನವರಿಯ ಮೊದಲ ಮೂರು ದಿನ ಜಪಾನಿನಲ್ಲಿ ಯಾರೂ ಪರರ ಮನೆಯ ಗಂಟೆ ಒತ್ತುವುದಿಲ್ಲ. ಆಗ ಪ್ರಚಾರಕ್ಕೆ ಹೋಗುವುದು ಮಿಷನರಿಗೂ ಅಸಭ್ಯ. ಬೆಳಗಿನಿಂದ ರಾತ್ರಿಯವರೆಗೆ ದುಡಿಯಲು ಪಳಗಿಸಿದ ಹುಡುಗರಿಗೆ ಕೆಲಸವೇ ಇಲ್ಲ. ಇಲ್ಲಿಂದ ಮುಂದೆ ಒಂಟಿತನ ಒಬ್ಬನಿಂದ ಇನ್ನೊಬ್ಬನಿಗೆ ದಾಟಿತು. ಕ್ರಿಸ್‌ಮಸ್ಸಿನಲ್ಲಿ ಸಪ್ಪಗಿದ್ದವನು ಐಡಹೊದವನು, ಅವನನ್ನು ಸಮಾಧಾನಪಡಿಸುತ್ತಿದ್ದವನು ಫುಕುಓಕಾದವನು. ವರ್ಷದ ಕೊನೆಗೆ ಅದು ಅದಲುಬದಲಾಯಿತು. ಸ್ವಂತ ದೇಶದಲ್ಲೇ ಇದ್ದವನಿಗೆ ಮನೆಯ ನೆನಪು ಹೆಚ್ಚು ಕಾಡಿತು.

ಅದಕ್ಕೆ ಕಾರಣ ಊಟ. ಜಪಾನಿನ ಉಳಿದೆಡೆ ಹೊಸವರ್ಷದ ಪೆಟ್ಟಿಗೆಯೂಟ ಓಸೆಚಿಯನ್ನು ತೆರೆಯುವುದು ಜನವರಿ 1ರ ಬೆಳಗ್ಗೆ. ಹೊಕ್ಕೈಡೊದಲ್ಲಿ 31ರ ರಾತ್ರಿಯೇ ತಿಂದು ಕೂರುತ್ತಾರೆ. ಅಜ್ಜಿ ನಮ್ಮೆಲ್ಲರನ್ನೂ ಆ ಸಂಜೆ ಕರೆದಿದ್ದರು. ಪೆಟ್ಟಿಗೆ ತೆರೆದಾಗ ಫುಕುಓಕಾದ ಹುಡುಗ ಕಣ್ಣರಳಿಸಿದ, 'ಇಂದೇ ತಿನ್ನುವುದೇ?' ಕರಿ ಅವರೆಯ ಸಿಹಿ, ಮೀನಿನ ಮೊಟ್ಟೆ, ಸುರುಳಿ ಆಮ್ಲೆಟ್ಟು ಎಲ್ಲ ಇದ್ದವು. ಮರುದಿನದ ಓಜೋನಿ ಸಾರಿನಲ್ಲಿ ಮೊಚಿ ಚೌಕವಾಗಿತ್ತು. ಅವನ ಊರಿನಲ್ಲಿ ಅದು ದುಂಡಗೆ. ಅಲ್ಲಿಯದು ಒಣಗಿಸಿದ ಹಾರುಮೀನಿನ ಸಾರು, ಅದರಲ್ಲಿ ಬುರಿ ಮೀನಿನ ತುಂಡು, ಕತ್ಸುಒನಾ ಎಂಬ ಸೊಪ್ಪು. ಚೌಕದ ಮೊಚಿಯನ್ನು ಕಡ್ಡಿಯಲ್ಲಿ ಎತ್ತಿ ಹಿಡಿದು ಅವನು ಸ್ವಲ್ಪ ಹೊತ್ತು ನೋಡಿದ. ಐಡಹೊದವನಿಗೆ ಅರ್ಥವಾಯಿತು. ಹೊಸ ದೇಶದಲ್ಲಿ ಹಬ್ಬ ತಪ್ಪಿಸಿಕೊಂಡವನಿಗೆ ಸಮಾಧಾನ ಹೇಳಲು ಮಾತಿದೆ. ಅದೇ ಭಾಷೆ, ಅದೇ ಹಬ್ಬ, ಮೊಚಿಯ ಆಕಾರವೊಂದೇ ಬೇರೆಯಾದಾಗ ಏನು ಹೇಳುವುದು? ಅವನು ಸುಮ್ಮನೆ ತನ್ನ ಪಾಲಿನ ಆಮ್ಲೆಟ್ಟನ್ನು ಗೆಳೆಯನ ತಟ್ಟೆಗೆ ಹಾಕಿದ.

31ರ ನಡುರಾತ್ರಿ ಬೌದ್ಧ ಮಂದಿರಗಳಲ್ಲಿ 108 ಬಾರಿ ಗಂಟೆ ಹೊಡೆಯುತ್ತಾರೆ. ನಿಯಮದಂತೆ ಎಲ್ಡರುಗಳು ಹತ್ತೂವರೆಗೆ ಮಲಗಿದ್ದರು, ಹೊಸವರ್ಷ ಅವರ ನಿದ್ದೆಯಲ್ಲೇ ಬಂತು. ಬೆಳಗ್ಗೆ ಮರುಯಾಮಾದ ಹೊಕ್ಕೈಡೊ ಜಿಂಗು ದೇಗುಲದತ್ತ ಊರಿಗೆ ಊರೇ ನಡೆದಿತ್ತು. ನಾನೂ ಅಜ್ಜಿಯೂ ಹೋಗಿ ಸಾಲಿನಲ್ಲಿ ನಿಂತು ಬಂದೆವು. ಹಿಂದಿರುಗಿದಾಗ ಹುಡುಗರು ಮನೆಮುಂದಿನ ಹಿಮ ಎತ್ತಿ ಮುಗಿಸಿದ್ದರು. ಅಜ್ಜಿ ಒಳಗಿನಿಂದ ಎರಡು ಪುಟ್ಟ ಲಕೋಟೆ ತಂದು ಕೊಟ್ಟರು. ಓತೊಶಿದಾಮಾ, ಹೊಸವರ್ಷಕ್ಕೆ ಮಕ್ಕಳಿಗೆ ಕೊಡುವ ದುಡ್ಡು. ಸೇವೆಗೆ ಹಣ ಪಡೆಯುವಂತಿಲ್ಲ ಎಂದು ಐಡಹೊದವನು ಕೈ ಹಿಂದೆಳೆದ. 'ಸೇವೆಗಲ್ಲ, ಮಕ್ಕಳಾದದ್ದಕ್ಕೆ' ಎಂದರು ಅಜ್ಜಿ. ಎದೆಯ ಮೇಲೆ ಎಲ್ಡರ್ ಎಂಬ ಫಲಕ ಹೊತ್ತಿದ್ದ ಇಬ್ಬರೂ ತಲೆಬಾಗಿ ಎರಡೂ ಕೈಯಲ್ಲಿ ತೆಗೆದುಕೊಂಡರು.

ನಮ್ಮಲ್ಲಿ ಮಿಷನರಿ ಎಂದರೆ ಮೊದಲು ನೆನಪಾಗುವುದು ಕಿಟೆಲ್. ಬಾಸೆಲ್ ಮಿಷನ್ನಿನ ಆ ಜರ್ಮನ್ ಇಪ್ಪತ್ತೊಂದರ ಹರೆಯದಲ್ಲಿ 1853ರಲ್ಲಿ ಬಂದ. ಅವನ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಅದೇ 1853ರಲ್ಲಿ ಮಾರ್ಮನ್ ಪ್ರಚಾರಕರೂ ಕಲ್ಕತ್ತ, ಮದ್ರಾಸುಗಳಿಗೆ ಬಂದಿದ್ದರು ಎಂಬುದು ಹೆಚ್ಚಿನವರಿಗೆ ತಿಳಿಯದು. ಕೆಲವೇ ವರ್ಷಗಳಲ್ಲಿ ಕೈಚೆಲ್ಲಿ ಹೊರಟುಹೋದರು. ಕಿಟೆಲ್ ಉಳಿದ, ಕೇಳಿಸಿಕೊಂಡ. ಮತಾಂತರಕ್ಕೆ ಬಂದವನು ಭಾಷೆಗೆ ದಕ್ಕಿದ. ಮಾರ್ಮನ್ ಏರ್ಪಾಡಿನ ಮೇಲೆ ನನ್ನ ದೂರು ಇದೇ: ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ, ಎರಡು ವರ್ಷಕ್ಕೆ ಎಲ್ಲ ಮುಗಿಯುತ್ತದೆ. ಭಾಷೆ ಬಾಯಿಗೆ ಹತ್ತಿ, ಅಜ್ಜಿಯಂದಿರ ಕತೆ ಕಿವಿಗೆ ಹತ್ತುವ ಹೊತ್ತಿಗೆ ಹುಡುಗ ವಿಮಾನದಲ್ಲಿರುತ್ತಾನೆ. 1980ರ ಆಸುಪಾಸಿನಲ್ಲಿ ಜಪಾನಿನಲ್ಲೇ ಸಂಖ್ಯೆಯ ಬೆನ್ನು ಹತ್ತಿ, ಪರಿಚಯವಾದ ಕೆಲವೇ ದಿನಗಳಲ್ಲಿ ಯುವಕರಿಗೆ ದೀಕ್ಷೆ ಕೊಟ್ಟ ಕಾಲವೊಂದಿತ್ತು. ಹಾಗೆ ಬಂದವರಲ್ಲಿ ಬಹುಪಾಲು ಉಳಿಯಲಿಲ್ಲ. ಇಂದಿಗೂ ಅಲ್ಲಿ ದಾಖಲೆಯಲ್ಲಿರುವ ಸದಸ್ಯರು ಸುಮಾರು 1 ಲಕ್ಷ 30 ಸಾವಿರ. ಭಾನುವಾರ ಕುರ್ಚಿಯಲ್ಲಿ ಕಾಣುವವರು ಅದಕ್ಕಿಂತ ತೀರ ಕಡಿಮೆ. ಈ ಲೆಕ್ಕವನ್ನು ಹುಡುಗರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರು ಹಿಮ ಎತ್ತಿದರು, ಕಪಾಟು ಒರೆಸಿದರು, ಬೈಸಿಕೊಂಡಲ್ಲೂ ಬಾಗಿ ವಂದಿಸಿದರು.

ಜನವರಿಯ ಮೊದಲ ವಾರ ಮುಗಿಯುವ ಮುನ್ನ ಪಟ್ಟಿ ಬಂತು. ಐಡಹೊದವನಿಗೆ ಹೊಕ್ಕೈಡೊದ ಪೂರ್ವ ಕರಾವಳಿಯ ಕುಶಿರೊ, ಫುಕುಓಕಾದವನು ಸಪ್ಪೊರೊದಲ್ಲೇ. ಅವನ ಜೊತೆಗೆ ಹೊಸಬನೊಬ್ಬ ಬಂದ, ಹಿಮ ಕಾಣದ ಊರಿನವನು. ಈಗ ಮರಳು ಚೆಲ್ಲುವುದನ್ನು ಕಲಿಸುವ ಪಾಳಿ ಫುಕುಓಕಾದವನದು. ಅಜ್ಜಿ ದೀಕ್ಷೆ ಪಡೆಯಲಿಲ್ಲ; ಪಡೆಯುವ ಇರಾದೆಯೂ ಅವರಿಗಿರಲಿಲ್ಲ. ರೈಲ್ವೆಯವರು ವ್ಯಾಕರಣ ಪುಸ್ತಕದ ಸಮೇತ ಜನವರಿಯ ಮೊದಲ ತರಗತಿಗೆ ಹಾಜರಾದರು.

ಬೆಂಗಳೂರಿನಲ್ಲೂ 1993ರಿಂದ ಈ ಸಭೆಯ ಮಿಷನ್ ಇದೆ. ಬಿಳಿ ಅಂಗಿ, ಕಪ್ಪು ಫಲಕದ ಜೋಡಿಗಳು ಬಸ್ಸಿನಲ್ಲೋ ಪಾರ್ಕಿನಲ್ಲೋ ನಿಮಗೂ ಎದುರಾಗಬಹುದು, ಅವರಲ್ಲಿ ನಮ್ಮ ದೇಶದ ಹುಡುಗರೇ ಇರುತ್ತಾರೆ. ಅವರ ಧರ್ಮ ಬೇಡವಾದರೆ ಬೇಡವೆಂದು ನೇರವಾಗಿ ಹೇಳಿ, ಅವರಿಗೆ ಅದು ಅಭ್ಯಾಸವಾಗಿರುತ್ತದೆ. ಆದರೆ ಹಬ್ಬದ ವಾರವಾದರೆ ಊರು ಯಾವುದು, ಮನೆಗೆ ಫೋನ್ ಮಾಡಿದೆಯಾ ಎಂದು ಕೇಳಿ. ಮನೆಗೆ ಕರೆದರೆ ಕಾಫಿ, ಟೀ ಕೊಡಬೇಡಿ, ಮಜ್ಜಿಗೆ ನಡೆಯುತ್ತದೆ.